ಸುರಾಬ್ ಅಲಿ ಅವರ ಮನೆಯಲ್ಲಿದ್ದವರು

ಸುರಾಬ್ ಅಲಿ ಕಳೆದ ಬುಧವಾರ ತೀರಿಕೊಂಡರು. ಬೆಳಗಿನ ನಮಾಜಿಗೆಂದು ಎದ್ದು ಕೈಕಾಲು ತೊಳೆದುಕೊಂಡು ಬಚ್ಚಲಿನಿಂದ ಈಚೆ ಬಂದವರು ಮೆಟ್ಟಿಲ ಬಳಿಯೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಎಪ್ಪತ್ಮೂರು ವಯಸ್ಸು. ಗುರುವಾರ ಮಣ್ಣಾಯಿತು. ಓಲ್ಡಮ್‌ನ ಆ ಮನೆಯಲ್ಲಿ ಈಗ ಹೆಂಡತಿ ಜೊಯ್ತುನ್ ಬಿಬಿ, ಮಗಳು ರುಶ್ನಾ, ಅಳಿಯ ಕೊಯೆಸ್ ಮಿಯಾ ಇದ್ದಾರೆ. ಅಳಿಯ ಇಂಗ್ಲೆಂಡಿನಲ್ಲಿ ಉಳಿಯಬಹುದೇ ಇಲ್ಲವೇ ಎಂಬ ತೀರ್ಪು ಇನ್ನೂ ಬಂದಿಲ್ಲ. ಸುರಾಬ್ ಅಲಿ ಕಡೆಯ ಐದು ತಿಂಗಳು ಬದುಕಿದ್ದು ಆ ಒಂದು ಚಿಂತೆಯಲ್ಲಿ. ಅದಕ್ಕೆಲ್ಲ ತಾನೇ ಕಾರಣ ಎಂದು ಅವರು ತಿಳಿದಿದ್ದರು. ಹಾಗೆ ತಿಳಿದದ್ದು ತಪ್ಪೇನೂ ಆಗಿರಲಿಲ್ಲ.

ಅವರ ಊರು ಸಿಲೆಟ್ ಸೀಮೆಯಲ್ಲಿ, ಬಿಯಾನಿಬಾಜಾರ್ ಹತ್ತಿರದ ಹಳ್ಳಿ. ಸಾವಿರದ ಒಂಬೈನೂರ ಅರವತ್ಮೂರರಲ್ಲಿ ಓಲ್ಡಮ್‌ನ ನೂಲಿನ ಗಿರಣಿಗೆ ಬಂದಾಗ ಎರಡು ಕೋಣೆಯ ಮನೆಯೊಂದರಲ್ಲಿ ಹನ್ನೊಂದು ಜನ ಗಂಡಸರಿದ್ದರು. ಹಗಲು ಪಾಳಿಯವರು ಬಿಟ್ಟೆದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವರು ಬಂದು ಮಲಗಬೇಕು. ಹಾಸಿಗೆ ತಣ್ಣಗಾದದ್ದನ್ನು ಯಾರೂ ನೋಡಿರಲಿಲ್ಲ. ಹನ್ನೊಂದು ಜನರಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದವರು ಇವರೊಬ್ಬರೇ. ಭಾನುವಾರ ಬಂತೆಂದರೆ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಕೂರುತ್ತಿದ್ದರು. ಊರಿಗೆ ಕಾಗದ, ಗಿರಣಿಗೆ ರಜಾ ಅರ್ಜಿ, ಪಾಸ್‌ಪೋರ್ಟಿನ ಫಾರಂ, ಡಾಕ್ಟರ ಫಾರಂ, ಎಲ್ಲವೂ ಅವರ ಕೈಯಲ್ಲೇ ಆಗಬೇಕು. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಒಂದೊಂದಾಗಿ ಬರೆಯುತ್ತಿದ್ದರು. ಬರೆಸಿಕೊಳ್ಳಲು ಬಂದವರಿಗೆ ಯಾವಾಗಲೂ ಒಂದೇ ಮಾತು.

"ಹೆಸರು ತಪ್ಪಾದ್ರೆ ಆಮೇಲೆ ತಿದ್ಕೋಬಹುದು ಕಣಪ್ಪಾ. ವಿಳಾಸ ತಪ್ಪಾದ್ರೆ ನೀನು ಇಲ್ಲವೇ ಇಲ್ಲ ಅಂದುಬಿಡ್ತಾರೆ."

ಹೀಗಾಗಿ ಆ ಪೇಟೆಗೆಲ್ಲ ಅವರು ಫಾರಂ ಚಾಚಾ ಆದರು. ಗಿರಣಿ ಮುಚ್ಚಿ ಎಷ್ಟೋ ವರ್ಷ ಕಳೆದರೂ ಆ ಹೆಸರು ಉಳಿಯಿತು.

ಎಪ್ಪತ್ತೈದರಲ್ಲಿ ಅವರು ತಮ್ಮದೇ ಒಂದು ಫಾರಂ ತುಂಬಿದರು. ಹೆಂಡತಿಯನ್ನೂ ಎಂಟು ವರ್ಷದ ಮಗನನ್ನೂ ಕರೆಸಿಕೊಳ್ಳುವ ಅರ್ಜಿ. ಢಾಕಾದಲ್ಲಿ ವೀಸಾ ಸಾಹೇಬ ತಾಯಿಯನ್ನು ಒಂದು ಕೋಣೆಯಲ್ಲಿ, ಮಗನನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದ. ನಿಮ್ಮ ಮನೆಯ ಹಿಂದಿನ ಕೊಳಕ್ಕೆ ಎಷ್ಟು ಮೆಟ್ಟಿಲು? ತಾಯಿ ಏಳು ಎಂದಳು. ಮಗ ಮೂರು ಎಂದ. ಮಳೆಗಾಲದಲ್ಲಿ ನೀರು ಏರಿ ನಾಲ್ಕು ಮೆಟ್ಟಿಲು ಮುಳುಗಿರುತ್ತಿದ್ದವು. ಹುಡುಗ ಆ ವಾರ ಕಂಡದ್ದನ್ನು ಹೇಳಿದ್ದ. ಈ ಹುಡುಗ ಆ ಮನೆಯವನಲ್ಲ ಎಂದು ಬರೆದುಬಿಟ್ಟರು. ನಾಲ್ಕು ವರ್ಷ ಅಲೆದ ಮೇಲೆ ಜೊಯ್ತುನ್ ಬಿಬಿ ಒಬ್ಬಳೇ ಬಂದಳು. ಮಗ ಅಜ್ಜಿಯ ಹತ್ತಿರ ಉಳಿದ. ಈಗ ಬಿಯಾನಿಬಾಜಾರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಅಪ್ಪನನ್ನು ಬದುಕಿನಲ್ಲಿ ಒಂಬತ್ತು ಸಲ ನೋಡಿದ್ದಾನೆ.

ರುಶ್ನಾ ಹುಟ್ಟಿದ್ದು ಓಲ್ಡಮ್‌ನಲ್ಲಿ, ಎಂಬತ್ಮೂರರಲ್ಲಿ. ಶಾಲೆಯೊಂದರಲ್ಲಿ ಪುಟ್ಟ ಮಕ್ಕಳ ಟೀಚರಿಗೆ ಸಹಾಯಕಿ. ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತ ಬಂದದ್ದರಿಂದ ಇನ್ಸುಲಿನ್ ಚುಚ್ಚುವುದರಿಂದ ಹಿಡಿದು ತಲೆ ಬಾಚುವವರೆಗೆ ಎಲ್ಲ ಅವಳದೇ. ಮದುವೆಯಾಗಿ ಬೇರೆ ಮನೆಗೆ ಹೋಗುವಂತಿರಲಿಲ್ಲ. ಸಿಲೆಟ್‌ನಲ್ಲಿ ಕೊಯೆಸ್ ಮಿಯಾನ ಸಂಬಂಧ ಕೂಡಿಬಂದಾಗ ಅವನ ಅಪ್ಪ ಎಲ್ಲದಕ್ಕೂ ಒಪ್ಪಿ, ಒಂದು ಮಾತಿಗೆ ಮಾತ್ರ ಜಗ್ಗದೆ ಕೂತ.

"ನನ್ನ ಮಗ ವಿಲಾಯತಿಗೆ ಹೋಗ್ಲಿ. ಮಾವನ ಮನೆ ಅನ್ನ ತಿಂದ್ಕೊಂಡು ಮನೆ ಅಳಿಯ ಅನ್ನಿಸ್ಕೊಳ್ಳೋಕೆ ಮಾತ್ರ ಹೋಗ್ಬಾರ್ದು. ನನ್ನ ತಮ್ಮ ಅದೇ ಊರಲ್ಲಿದಾನೆ. ಹುಡುಗ ಅವನ ಮನೆಯವನು."

ಆ ಮಾತು ಸುರಾಬ್ ಅಲಿಗೆ ವಿಚಿತ್ರ ಅನ್ನಿಸಲಿಲ್ಲ. ತಮ್ಮ ಮಗನಾಗಿದ್ದರೆ ತಾವೂ ಅದನ್ನೇ ಹೇಳುತ್ತಿದ್ದರು. ಮನೆ ಅಳಿಯ ಎಂದರೆ ಏನು ಎಂದು ಅವರ ಕಡೆಯ ಎಳೆ ಮಗುವಿಗೂ ಗೊತ್ತು. ಮಾವನ ಛತ್ರಿ ಹಿಡಿದು ಹಿಂದೆ ನಡೆಯುವವನು, ಮದುವೆ ಊಟದಲ್ಲಿ ಮೀನಿನ ಬಾಲದ ತುಂಡು ಬಡಿಸಿಕೊಳ್ಳುವವನು. ಆದ್ದರಿಂದ ಕೊಯೆಸ್ ವಿಮಾನ ಇಳಿದು ಬಂದ ವಾರವೇ ಅವರು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

"ನೋಡು ಬೇಟಾ, ಮಲಗೋದು ಇಲ್ಲಿ, ಉಣ್ಣೋದು ಇಲ್ಲಿ. ಆದ್ರೆ ನಿನ್ನ ಕಾಗದ ಪತ್ರ ಎಲ್ಲಾ ನಿನ್ನ ಚಿಕ್ಕಪ್ಪನ ಮನೆಗೆ ಬರ್ಲಿ. ಬ್ಯಾಂಕು, ಡಾಕ್ಟರು, ಸಂಬಳದ ಚೀಟಿ, ಎಲ್ಲಾ. ನಾಳೆ ಯಾರೂ ನಿನ್ನ ಕಡೆ ಬೆರಳು ತೋರಿಸ್ಬಾರ್ದು."

"ಚಾಚಾಜಿ, ನಂಗೆ ಅದೆಲ್ಲ ಏನೂ ಇಲ್ಲ," ಎಂದ ಕೊಯೆಸ್.

"ನಿಂಗಿಲ್ದೇ ಇರ್ಬಹುದು. ನಂಗಿದೆ."

ಚಿಕ್ಕಪ್ಪ ಅಶಿಕ್ ಉಲ್ಲಾನ ಮನೆ ಪಕ್ಕದ ಬೀದಿಯಲ್ಲೇ. ಅವನು ಸಂತೋಷದಿಂದ ಒಪ್ಪಿದ. ಮಹಡಿಯ ಒಂದು ಕೋಣೆಯಲ್ಲಿ ಮಂಚ ಹಾಕಿ ಅದು ಕೊಯೆಸ್‌ನ ಕೋಣೆ ಎಂದು ಬಂದವರಿಗೆಲ್ಲ ತೋರಿಸಿದ. ಮತದಾರರ ಪಟ್ಟಿಗೂ ಅಲ್ಲಿಂದಲೇ ಹೆಸರು ಕೊಟ್ಟ.

ಕೊಯೆಸ್‌ಗೆ ಗುಡ್ಡದಾಚೆಯ ಊರಿನ ರೆಸ್ಟೋರೆಂಟಿನಲ್ಲಿ ತಂದೂರಿ ಕೆಲಸ ಸಿಕ್ಕಿತು. ಅಲ್ಲಿ ಕೆಲಸದವರೆಲ್ಲ ವಾರವಿಡೀ ಹೋಟೆಲಿನ ಮೇಲಿನ ಕೋಣೆಗಳಲ್ಲೇ ಮಲಗುವುದು ರೂಢಿ. ರಜೆಯ ದಿನವಾದ ಮಂಗಳವಾರಕ್ಕೆಂದು ಸೋಮವಾರ ಅಂಗಡಿ ಮುಚ್ಚಿದ ಮೇಲೆ ಯಾರದೋ ಕಾರಿನಲ್ಲಿ ಬಂದುಬಿಡುತ್ತಿದ್ದ. ಮಂಗಳವಾರ ಹತ್ತು ಗಂಟೆಯವರೆಗೆ ರುಶ್ನಾಳ ಕೋಣೆಯಲ್ಲಿ ನಿದ್ದೆ. ಆಮೇಲೆ ಚಿಕ್ಕಪ್ಪನ ಮನೆಗೆ ಹೋಗಿ ಅವರ ಬಾಗಿಲ ಮುಂದೆ ನಿಂತು ಒಂದು ಲೋಟ ಚಹಾ ಕುಡಿದು, ಬೀದಿಯವರಿಗೆ ಮುಖ ತೋರಿಸಿ, ಕಾಗದಗಳಿದ್ದರೆ ಜೇಬಿಗೆ ಹಾಕಿಕೊಂಡು ಬರಬೇಕು. ಬಂದ ಮೇಲೆ ಅತ್ತೆಯ ಹತ್ತಿರ ಕೂತು ಅಡಿಕೆ ಕತ್ತರಿಸಿ ಕೊಡುತ್ತಿದ್ದ. ಹಿತ್ತಲಲ್ಲಿ ಡಬ್ಬಗಳಿಗೆ ಮಣ್ಣು ತುಂಬಿ ಸೋರೆ ಬಳ್ಳಿ ಹಬ್ಬಿಸಿದ್ದ. ಬೀದಿಗೆಲ್ಲ ಗೊತ್ತಿತ್ತು ಅವನು ಎಲ್ಲಿ ಮಲಗುತ್ತಾನೆಂದು. ಗೊತ್ತಿಲ್ಲದವರ ಹಾಗೆ ಇದ್ದರು. ಅದೂ ಒಂದು ಮರ್ಯಾದೆಯೇ.

ಎರಡು ವರ್ಷ ಹೀಗೆ ಸಾಗಿತು. ಗಂಡನಾಗಿ ಬಂದವನ ಮೊದಲ ವೀಸಾ ಎರಡೇ ವರ್ಷದ್ದು. ಅದು ಮುಗಿಯುವ ಮೊದಲು, ಕಾಯಂ ಆಗಿ ಉಳಿಯಲು ಬೇರೆ ಅರ್ಜಿ ಹಾಕಬೇಕು. ರುಶ್ನಾ ಆ ಫಾರಂ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿ ಓದುತ್ತ ಹೋದವಳು ಒಂದು ಕಡೆ ನಿಂತಳು.

"ಅಬ್ಬಾ, ಇಲ್ಲಿ ನೋಡಿ. ಗಂಡ ಹೆಂಡತಿ ಎರಡು ವರ್ಷ ಒಂದೇ ಮನೇಲಿ ಇದ್ರು ಅಂತ ತೋರಿಸೋಕೆ ಆರು ಕಾಗದ ಬೇಕಂತೆ. ಮೂರು ಬೇರೆ ಬೇರೆ ಕಡೆಯಿಂದ ಬಂದಿರ್ಬೇಕು. ಇಬ್ರ ಹೆಸರಿಗೂ ಒಂದೇ ವಿಳಾಸ."

"ಕಾಗದಕ್ಕೇನು, ಬೇಕಾದಷ್ಟಿವೆ," ಎಂದರು ಸುರಾಬ್ ಅಲಿ.

ಮೇಜಿನ ಮೇಲೆ ಎರಡು ರಾಶಿಯಾಯಿತು. ರುಶ್ನಾಳದೆಲ್ಲ ಈ ಮನೆಯ ವಿಳಾಸ. ಕೊಯೆಸ್‌ನದೆಲ್ಲ ಚಿಕ್ಕಪ್ಪನ ಮನೆಯದು. ಗ್ಯಾಸು, ಕರೆಂಟು, ನೀರು, ಮನೆ ತೆರಿಗೆ ಎಲ್ಲವೂ ಸುರಾಬ್ ಅಲಿ ಒಬ್ಬರ ಹೆಸರಿನಲ್ಲಿ. ಎರಡು ರಾಶಿಗೂ ಹೊಂದುವ ಕಾಗದ ಒಂದೂ ಸಿಗಲಿಲ್ಲ.

ಜೊಯ್ತುನ್ ಬಿಬಿ ಎಲೆ ಮಡಚುತ್ತ ಗಂಡನನ್ನು ಕೇಳಿದಳು. "ಏನು ರುಶ್ನಾ ಅಬ್ಬಾ, ಸದ್ದೇ ಇಲ್ಲ? ಊರಿನವರಿಗೆಲ್ಲ ಫಾರಂ ತುಂಬಿದ ಕೈ ಅಲ್ವಾ, ಮನೆಯವರಿಗೆ ಬಂದಾಗ ಬತ್ತಿಹೋಯ್ತಾ?"

"ಸುಮ್ನಿರು. ಬರೆದು ತಿಳಿಸಿದ್ರೆ ಅವರಿಗೂ ಅರ್ಥ ಆಗುತ್ತೆ."

ರುಶ್ನಾ ಎರಡು ಹಾಳೆ ವಿವರಣೆ ಬರೆದು, ಮದುವೆಯ ಫೋಟೋ ಇಟ್ಟು, ಅರ್ಜಿ ಕಳಿಸಿದಳು. ಗಂಡ ನನ್ನ ಜೊತೆ ನನ್ನ ಅಪ್ಪನ ಮನೆಯಲ್ಲೇ ಇದ್ದಾನೆ, ಅವನ ಕಾಗದಗಳು ಮಾತ್ರ ನಮ್ಮ ಪದ್ಧತಿಯಂತೆ ಅವನ ಚಿಕ್ಕಪ್ಪನ ಮನೆಗೆ ಹೋಗುತ್ತವೆ ಎಂದು ಬರೆದಿದ್ದಳು. ಓದಿದವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಪರೀಕ್ಷೆ ಮಾಡಲು ಜನ ಕಳಿಸಿದರು.

ಬಂದದ್ದು ಈ ವರ್ಷ ಫೆಬ್ರವರಿ ಎಂಟನೇ ತಾರೀಖು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆಗೆ. ಹಿಂದಿನ ದಿನ ಹಿಮ ಗಟ್ಟಿಯಾಗಿ ಕೂತಿತ್ತು. ಸುರಾಬ್ ಅಲಿ ಬಾಗಿಲ ಮೆಟ್ಟಿಲಿಗೆ ಉಪ್ಪು ಚೆಲ್ಲುತ್ತಿದ್ದರು. ಪಕ್ಕದ ಮನೆಯ ಚೆರಾಗ್ ತನ್ನ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ. ಚೆರಾಗ್ ಕೆಟ್ಟವನಲ್ಲ. ಅವನ ಬಾಯಿಗೆ ಮಾತ್ರ ಬಾಗಿಲಿರಲಿಲ್ಲ. ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಸೀದಿಯಲ್ಲಿರುತ್ತಿತ್ತು.

ಒಬ್ಬ ಗಂಡಸು, ಒಬ್ಬ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ.

"ಕೊಯೆಸ್ ಮಿಯಾ ಈ ಮನೆಯಲ್ಲಿ ಇದ್ದಾರಾ?" ಎಂದು ಆ ಹೆಂಗಸು ಗಟ್ಟಿಯಾಗಿ ಕೇಳಿದಳು.

ಮಂಜು ಕೆರೆಯುವ ಸದ್ದು ನಿಂತಿತು. ಸುರಾಬ್ ಅಲಿ ಅತ್ತ ತಿರುಗಿ ನೋಡಲಿಲ್ಲ. ನಿಂತದ್ದು ಕೇಳಿಸಿತ್ತು, ಅಷ್ಟು ಸಾಕಾಯಿತು. ಎರಡು ವರ್ಷದಿಂದ ಬೀದಿಯವರಿಗೆ ಹೇಳುತ್ತ ಬಂದ ಮಾತು ತಾನಾಗಿ ಬಾಯಿಗೆ ಬಂತು.

"ಇಲ್ಲ. ಇಲ್ಲಿ ನನ್ನ ಮಗಳಿರ್ತಾಳೆ. ಅಳಿಯ ಪಕ್ಕದ ಬೀದೀಲಿ ಅವನ ಚಿಕ್ಕಪ್ಪನ ಮನೇಲಿ."

"ಇಲ್ಲಿಗೆ ಬರೋದಿಲ್ವಾ?"

"ಬರ್ತಾನೆ. ಮಂಗಳವಾರ ಬರ್ತಾನೆ. ಅತಿಥಿ ಹಾಗೆ."

ಆ ಗಂಡಸು ಬರೆದುಕೊಂಡ. ಥ್ಯಾಂಕ್ಸ್ ಹೇಳಿ ಇಬ್ಬರೂ ಪಕ್ಕದ ಬೀದಿಗೆ ನಡೆದರು. ಅಲ್ಲಿ ಅಶಿಕ್ ಉಲ್ಲಾ ಅವರನ್ನು ಮಹಡಿಗೆ ಕರೆದುಕೊಂಡು ಹೋಗಿ ಮಂಚ ತೋರಿಸಿದ, ಹುಡುಗ ಕೆಲಸಕ್ಕೆ ಹೋಗಿದ್ದಾನೆ ಎಂದ. ಕೊಯೆಸ್ ಆ ಹೊತ್ತಿನಲ್ಲಿ ಸುರಾಬ್ ಅಲಿಯ ತಲೆಯ ಮೇಲಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಕೆಳಗೆ ಮೆಟ್ಟಿಲ ಹತ್ತಿರ ನಿಂತರೆ ಕೇಳಿಸುತ್ತಿತ್ತು.

ಒಳಗೆ ಬಂದು ಉಪ್ಪಿನ ಡಬ್ಬ ಇಟ್ಟಾಗ ಅವರಿಗೆ ತಾವು ಮಾಡಿದ್ದು ಗೊತ್ತಾಯಿತು. ಓಡಿಹೋಗಿ ಅವರನ್ನು ಹಿಡಿದು ಹೇಳಬಹುದಿತ್ತು. ಬೀದಿಯ ತುದಿಯವರೆಗೆ ಹೋದರು ಕೂಡ. ಅವರ ಕಾರು ಹೋಗಿಬಿಟ್ಟಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ದಿನ ಮಧ್ಯಾಹ್ನ ಊಟ ಬೇಡ ಎಂದರು. ಮರುದಿನವೂ ಬೇಡ ಎಂದರು.

ಐದು ವಾರಕ್ಕೆ ಕಾಗದ ಬಂತು. ಅರ್ಜಿ ತಲುಪಿದೆ ಎಂಬ ಚೀಟಿ ಬಿಟ್ಟರೆ ಆ ಮನೆಗೆ ಕೊಯೆಸ್ ಹೆಸರಿಗೆ ಬಂದ ಮೊದಲ ಕಾಗದ. ಅದೂ ಮಂಗಳವಾರವೇ ಬಂದದ್ದರಿಂದ ನಾಲ್ವರೂ ಇದ್ದರು. ರುಶ್ನಾ ಓದಿ ಓದಿ ಹೇಳುತ್ತಿದ್ದಳು. ಅರ್ಜಿ ತಳ್ಳಿಹಾಕಿದ್ದಾರೆ. ನೀವಿಬ್ಬರೂ ಕೂಡಿ ಬಾಳುತ್ತಿದ್ದೀರಿ ಎಂದು ನಮಗೆ ಖಾತ್ರಿಯಾಗಿಲ್ಲ. ಮತದಾರರ ಪಟ್ಟಿಯಲ್ಲಿ ಬೇರೆ ವಿಳಾಸ. ಬ್ಯಾಂಕಿನಲ್ಲಿ ಬೇರೆ ವಿಳಾಸ. ಮುಂದಿನ ಸಾಲನ್ನು ಎರಡು ಸಲ ಕಣ್ಣಲ್ಲೇ ಓದಿಕೊಂಡಳು.

"ಅಬ್ಬಾ, ನಮ್ಮ ಮನೆಗೆ ಯಾರಾದ್ರೂ ಬಂದಿದ್ರಾ?"

ಸುರಾಬ್ ಅಲಿ ಚಹಾ ಲೋಟವನ್ನು ಮೇಜಿನ ಅಂಚಿಗೆ ಸರಿಸಿದರು.

"ಮನೆಯ ಯಜಮಾನ ಸುರಾಬ್ ಅಲಿ ಅಂತ ಬರೆದಿದಾರೆ. ಕೊಯೆಸ್ ಮಿಯಾ ಇಲ್ಲಿ ಇಲ್ಲ, ಮಂಗಳವಾರ ಅತಿಥಿ ಹಾಗೆ ಬರ್ತಾನೆ ಅಂತ ಅವರೇ ಹೇಳಿದ್ರು ಅಂತ ಬರೆದಿದಾರೆ. ಸುಳ್ಳು ತಾನೆ ಅಬ್ಬಾ? ಅವರೇ ಕಟ್ಟಿ ಬರೆದಿದಾರೆ ತಾನೆ?"

"ಚೆರಾಗ್ ಅಲ್ಲೇ ನಿಂತಿದ್ದ," ಎಂದರು ಸುರಾಬ್ ಅಲಿ.

"ಏನು?"

"ಕಾರು ಕೆರೀತಾ ನಿಂತಿದ್ದ."

ರುಶ್ನಾ ಕಾಗದವನ್ನು ಮೇಜಿನ ಮೇಲಿಟ್ಟಳು. ಕೂಗಲಿಲ್ಲ. ಕೂಗಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

"ಚೆರಾಗ್ ಚಾಚಾಗೋಸ್ಕರ ನನ್ನ ಗಂಡನ್ನ ವಾಪಸ್ ಕಳಿಸಿದ್ರಲ್ಲಾ ಅಬ್ಬಾ."

"ಚಾಚಾಜಿ ನನ್ನ ಮಾನ ಉಳಿಸೋಕೆ ಹೇಳಿದ್ದು," ಎಂದ ಕೊಯೆಸ್.

"ಮಾನ ಕಟ್ಕೊಂಡು ಸಿಲೆಟ್‌ಗೆ ಹೋಗು ಹಾಗಾದ್ರೆ! ನಾನು ಅಮ್ಮನ್ನ ಬಿಟ್ಟು ಅಲ್ಲಿಗೆ ಬರೋ ಹಾಗಿಲ್ಲ, ನೀನು ಇಲ್ಲಿ ಇರೋ ಹಾಗಿಲ್ಲ. ನಿನ್ನ ಮಾನ ಒಂದು ಕಡೆ, ನಾನೊಂದು ಕಡೆ."

ಅವಳು ಮೇಲೆ ಹೋದಳು. ಕೊಯೆಸ್ ಹಿಂದೆ ಹೋಗಲೋ ಬೇಡವೋ ಎಂದು ಮಾವನ ಮುಖ ನೋಡಿದ. ಜೊಯ್ತುನ್ ಬಿಬಿ ಮಂಜುಗಣ್ಣನ್ನು ಗಂಡನಿದ್ದ ಕಡೆಗೆ ತಿರುಗಿಸಿ ಮೆಲ್ಲಗೆ ಕೇಳಿದಳು.

"ರುಶ್ನಾ ಅಬ್ಬಾ, ಆವತ್ತು ನನ್ನ ಮಗ ನಿಜ ಹೇಳಿದ, ನಂಬಲಿಲ್ಲ. ನೀವು ಸುಳ್ಳು ಹೇಳಿದ್ರಿ, ನಂಬಿದ್ರು. ಇವರಿಗೆ ಏನು ಹೇಳಿದ್ರೆ ಸರಿ ಹೋಗುತ್ತೆ?"

ಅಂದಿನಿಂದ ರುಶ್ನಾ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡಿದಳು. ಔಷಧಿ ತಗೊಂಡ್ರಾ, ಬಾಗಿಲು ಹಾಕ್ತೀನಿ. ಅಷ್ಟೇ.

ಶೆಲಿನಾ ಎಂಬ ಸಿಲೆಟಿ ಹುಡುಗಿ ವಕೀಲೆ ಮೇಲ್ಮನವಿ ಹಾಕಿದಳು. ಅವಳ ಅಪ್ಪನ ಪಾಸ್‌ಪೋರ್ಟ್ ಫಾರಂ ತುಂಬಿದ್ದೂ ಸುರಾಬ್ ಅಲಿಯೇ. ಅವಳು ದಾಕ್ಷಿಣ್ಯ ಇಟ್ಟುಕೊಳ್ಳದೆ ಹೇಳಿದಳು.

"ಚಾಚಾ, ಎರಡು ಬೇಕು. ಒಂದು, ಹುಡುಗ ನನ್ನ ಮನೇಲಿ ಇರ್ಲಿಲ್ಲ ಅಂತ ಅಶಿಕ್ ಚಾಚಾ ಬರೆದುಕೊಡ್ಬೇಕು. ಇನ್ನೊಂದು, ನೀವು ಕೋರ್ಟಿಗೆ ಬಂದು ನಾನು ಆವತ್ತು ಸುಳ್ಳು ಹೇಳಿದೆ ಅನ್ಬೇಕು. ಅವರ ಕಡೆಯವರು ನಿಮ್ಮನ್ನ ಸುಳ್ಳುಗಾರ ಅಂತಾರೆ. ಮುಖದ ಮೇಲೇ ಅಂತಾರೆ. ತಡ್ಕೋತೀರಾ?"

"ಅಂದ್ರೆ ಅನ್ನಲಿ. ನಿಜ ತಾನೆ," ಎಂದರು.

ಅಶಿಕ್ ಉಲ್ಲಾನ ಮನೆಗೆ ಅವರು ಒಬ್ಬರೇ ಹೋದರು. ಅವನು ಗೌರವದಿಂದಲೇ ಕೂರಿಸಿದ. ಚಹಾ, ಬೆಲ್ಲದ ಕಜ್ಜಾಯ ಎಲ್ಲ ಬಂತು. ಮಾತು ಕೇಳಿದ ಮೇಲೆ ಸೋಫಾದಲ್ಲಿ ಹಿಂದಕ್ಕೊರಗಿ ನಕ್ಕ.

"ಬೀಗರೇ, ಏನು ತಮಾಷೆ ಮಾಡ್ತಿದೀರಾ? ಆವತ್ತು ಕಾಗದ ನಿನ್ನ ಮನೆಗೆ ಬರ್ಲಿ ಅಂತ ಕೈ ಹಿಡ್ಕೊಂಡು ಕೇಳಿದ್ದು ನೀವೇ. ಇವತ್ತು ಬರ್ಲೇ ಇಲ್ಲ ಅಂತ ಬರಿ ಅಂತಿದೀರಾ."

"ಕಾಗದ ಬಂತು. ಹುಡುಗ ಬರ್ಲಿಲ್ಲ. ಅಷ್ಟು ಬರೆದುಕೊಡು ಸಾಕು."

"ನಾನು ಬರೆದುಕೊಟ್ರೆ ನಾಳೆನೇ ಊರಿಂದ ನಮ್ಮಣ್ಣ ಫೋನ್ ಮಾಡ್ತಾನೆ. ನಮ್ಮ ಹುಡುಗನ್ನ ಮಾವನ ಮನೆಗೆ ಬಿಟ್ಟುಕೊಟ್ಯಾ ಅಂತಾನೆ."

"ಹುಡುಗನ್ನ ವಿಮಾನ ಹತ್ತಿಸಿ ಕಳಿಸಿದ್ರೆ ಆಗ ಏನಂತಾನೆ ನಿಮ್ಮಣ್ಣ?"

"ಸರ್ಕಾರ ಕಳಿಸ್ತು ಅಂತಾನೆ. ಅದರಲ್ಲಿ ನಾಚಿಕೆ ಪಡೋದೇನಿದೆ?"

ಸುರಾಬ್ ಅಲಿಗೆ ಸಿಟ್ಟು ಬರಲಿಲ್ಲ. ಆ ಮಾತಿನ ಒಂದೊಂದು ಎಳೆಯೂ ಅವರಿಗೆ ಪರಿಚಿತ. ಕಜ್ಜಾಯ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು, ನುಂಗಲಾಗದೆ ಚಹಾ ಕುಡಿದು ನುಂಗಿ, ಎದ್ದು ಬಂದರು. ಬರುವ ದಾರಿಯಲ್ಲಿ ಎರಡು ಕಡೆ ಗೋಡೆ ಹಿಡಿದು ನಿಂತರು. ಎದೆ ಹಿಡಿಯುವುದು ಆಗಲೇ ಶುರುವಾಗಿತ್ತು. ಅದನ್ನೂ ಹೇಳಲಿಲ್ಲ.

ಜೂನ್ ತಿಂಗಳಲ್ಲಿ ವಿಚಾರಣೆ, ಮ್ಯಾಂಚೆಸ್ಟರಿನಲ್ಲಿ. ರುಶ್ನಾಳ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಹೋದರು. ನ್ಯಾಯಾಧೀಶರು ಹೆಂಗಸು, ಬೆಳ್ಳಗಿನ ತಲೆ, ಕನ್ನಡಕ. ಸರ್ಕಾರದ ಕಡೆಗೆ ಎಳೆ ವಯಸ್ಸಿನ ಒಬ್ಬ. ಭಾಷಾಂತರಕ್ಕೆ ಕರೆಸಿದ್ದವನು ಢಾಕಾದ ಶುದ್ಧ ಬಂಗಾಳಿಯವನು. ಇವರ ಸಿಲೆಟಿ ಕೇಳಿ ಮುಖ ಗಂಟು ಹಾಕಿದ. ನೀನು ಬೇಡಪ್ಪಾ ಎಂದು ಸುರಾಬ್ ಅಲಿ ತಮ್ಮ ಗಿರಣಿ ಇಂಗ್ಲಿಷಿನಲ್ಲೇ ಉತ್ತರ ಹೇಳಿದರು.

"ಫೆಬ್ರವರಿ ಎಂಟರಂದು ಅಳಿಯ ಇಲ್ಲಿ ಇಲ್ಲ ಅಂದ್ರಿ. ಅದು ನಿಜವಾ?" ಎಂದು ಕೇಳಿದ ಎಳೆಯ.

"ಸುಳ್ಳು."

"ಯಾಕೆ ಸುಳ್ಳು ಹೇಳಿದ್ರಿ?"

"ಪಕ್ಕದ ಮನೆಯವನು ಕಾರು ಕೆರೀತಿದ್ದ."

ನ್ಯಾಯಾಧೀಶರು ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. ಶೆಲಿನಾ ಕಣ್ಣು ಮುಚ್ಚಿಕೊಂಡಳು.

"ಆ ಪಕ್ಕದ ಮನೆಯವರಿಗೆ ನಿಮ್ಮ ಅಳಿಯ ಎಲ್ಲಿರ್ತಾನೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಎಲ್ರಿಗೂ ಗೊತ್ತು."

"ಎಲ್ರಿಗೂ ಗೊತ್ತಿದ್ರೆ ಮುಚ್ಚಿಟ್ಟಿದ್ದು ಯಾರಿಂದ?"

ಅವರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ನೀರು ಕೊಡಲೇ ಎಂದು ಗುಮಾಸ್ತ ಕೇಳಿದ. ಬೇಡ ಎಂದು ಕೈಯಾಡಿಸಿದರು.

"ಅವರಿಗೆ ಗೊತ್ತಿರೋದು ಬೇರೆ ಸಾರ್. ನನ್ನ ಬಾಯಿಂದ ಕೇಳೋದು ಬೇರೆ."

"ಮನೆಯ ಮರ್ಯಾದೆಗೆ ಆವತ್ತು ಅಧಿಕಾರಿಗಳಿಗೆ ಸುಳ್ಳು ಹೇಳಿದ್ರಿ. ಇವತ್ತು ಮಗಳಿಗೋಸ್ಕರ ಹೇಳ್ತಿಲ್ಲ ಅಂತ ನಾವು ಹೇಗೆ ನಂಬೋದು?"

"ನಂಬೋದು ಕಷ್ಟ," ಎಂದರು ಸುರಾಬ್ ಅಲಿ. "ನಿಮ್ಮ ಜಾಗದಲ್ಲಿ ನಾನಿದ್ರೂ ನಂಬ್ತಿರ್ಲಿಲ್ಲ. ಆದ್ರೂ ಹೇಳ್ತೀನಿ. ಅವನು ಮಲಗೋದು ನನ್ನ ಮನೇಲಿ. ನನ್ನ ಹಿತ್ತಲಲ್ಲಿ ಸೋರೆಕಾಯಿ ಹಾಕಿದಾನೆ. ಕೆಲಸದ ಬೂಟು ತಂದು ಮನೆ ಬಿಸಿ ಮಾಡೋ ಕೊಳವೆ ಮೇಲೆ ಒಣಗಿಸ್ತಾನೆ, ಮನೆಯೆಲ್ಲ ಎಣ್ಣೆ ವಾಸನೆ, ನಾನು ಬೈತೀನಿ, ಮುಂದಿನ ವಾರ ಮತ್ತೆ ಅದನ್ನೇ ಮಾಡ್ತಾನೆ. ನನ್ನ ಹೆಂಡತಿಗೆ ಅವನ ಕೈಯಿಂದ ಅಡಿಕೆ ಆದ್ರೇ ಆಗ್ಬೇಕು, ನಾನು ಕತ್ತರಿಸಿದ್ರೆ ದಪ್ಪ ಅಂತಾಳೆ."

"ಇದಕ್ಕೆಲ್ಲ ಕಾಗದ ಏನಾದರೂ ಇದೆಯಾ?" ಎಂದು ನ್ಯಾಯಾಧೀಶರು ಮೊದಲ ಸಲ ತಾವೇ ಕೇಳಿದರು. ದನಿ ಗಡುಸಾಗಿರಲಿಲ್ಲ.

"ಇಲ್ಲ ಮೇಡಂ. ಬರೋ ಕಾಗದ ತಡೆದವನೇ ನಾನು."

ತೀರ್ಪು ಅಂಚೆಯಲ್ಲಿ ಬರುತ್ತದೆ, ಕೆಲವು ವಾರ ಹಿಡಿಯಬಹುದು ಎಂದರು. ಬಸ್ಸಿನಲ್ಲಿ ವಾಪಸಾಗುವಾಗ ಕೊಯೆಸ್ ಕಿಟಕಿಯಾಚೆ ನೋಡುತ್ತ ಕೂತಿದ್ದ. ರುಶ್ನಾ ಎದುರು ಸೀಟಿನಿಂದ ಎದ್ದು ಬಂದು ಅಪ್ಪನ ಪಕ್ಕ ಕೂತಳು. ಅವರ ಕೋಟಿನ ಕಾಲರ್ ಸರಿಮಾಡಿದಳು.

"ನೀವು ಹೇಳಿದ್ದು ಅವರಿಗೆ ಹಿಡಿಸ್ತೋ ಇಲ್ವೋ ಗೊತ್ತಿಲ್ಲ ಅಬ್ಬಾ."

"ನಂಗೂ ಗೊತ್ತಿಲ್ಲ."

"ಬೆವರ್ತಿದೀರಲ್ಲಾ?"

"ಕೋಟು ಬಿಸಿ," ಎಂದರು.

ಆ ಶುಕ್ರವಾರ ಮಸೀದಿಯಿಂದ ಚೆರಾಗ್ ಜೊತೆಯಲ್ಲೇ ನಡೆದು ಬಂದರು. ಹೇಳಬೇಕು ಅಂದುಕೊಂಡೇ ಹೊರಟಿದ್ದರು. ಚೆರಾಗ್ ತನ್ನ ಮಂಡಿ ನೋವಿನ ಮಾತು ತೆಗೆದ, ಆಮೇಲೆ ಮಳೆಯ ಮಾತಾಯಿತು, ಅಷ್ಟರಲ್ಲಿ ಇಬ್ಬರ ಬಾಗಿಲೂ ಬಂತು. ಬರ್ತೀನಿ ಸುರಾಬ್ ಭಾಯಿ, ಎಂದು ಅವನು ಒಳಗೆ ಹೋದ. ಇವರು ಬೀಗದ ಕೈ ಹಿಡಿದುಕೊಂಡು ಹೊರಗೇ ನಿಂತಿದ್ದರು. ಮ್ಯಾಂಚೆಸ್ಟರಿನಲ್ಲಿ ಗುರುತಿಲ್ಲದ ನಾಲ್ಕು ಜನರ ಮುಂದೆ ಆಡಿದ ಮಾತು ಸ್ವಂತ ಬೀದಿಯಲ್ಲಿ ಬಾಯಿಗೆ ಬರಲಿಲ್ಲ.

ಸೋಮವಾರ ಶೆಲಿನಾಗೆ ಫೋನ್ ಮಾಡಿದರು. ಮತದಾರರ ಪಟ್ಟಿಯಲ್ಲಿ ಕೊಯೆಸ್ ಹೆಸರನ್ನು ಈಗ ಈ ಮನೆಗೆ ಬದಲಾಯಿಸಿದರೆ ಹೇಗೆ ಎಂದು ಕೇಳಿದರು.

"ಕೇಸಿಗೆ ಅದರಿಂದ ಏನೂ ಆಗಲ್ಲ ಚಾಚಾ. ವಿಚಾರಣೆ ಮುಗಿದಿದೆ. ಇನ್ನು ಹೊಸ ಕಾಗದ ನೋಡಲ್ಲ."

"ಆಗದಿದ್ರೆ ಬೇಡಮ್ಮಾ. ಮಾಡೋಕೆ ತೊಂದರೆ ಇಲ್ಲ ತಾನೆ?"

"ತೊಂದರೆ ಏನಿಲ್ಲ."

ಮಂಗಳವಾರ ಬೆಳಿಗ್ಗೆ ಕೊಯೆಸ್ ಮಲಗಿದ್ದಾಗಲೇ ಬಸ್ಸು ಹತ್ತಿ ಕೌನ್ಸಿಲ್ ಕಚೇರಿಗೆ ಹೋದರು. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರು. ಗಾಜಿನ ಹಿಂದೆ ಕೂತಿದ್ದವಳು ತಹ್ಮಿನಾ, ಚೆರಾಗ್‌ನ ಮೊಮ್ಮಗಳು. ಅದು ಅವರಿಗೆ ಮೊದಲೇ ಗೊತ್ತಿತ್ತು. ಪಕ್ಕದ ಕಿಟಕಿ ಖಾಲಿಯಾದಾಗ ಹಿಂದಿನವಳನ್ನು ಅಲ್ಲಿಗೆ ಕಳಿಸಿ ತಾವು ಕಾದಿದ್ದರು.

"ಚಾಚಾ, ನೀವು! ಯಾರ ಫಾರಂ ಇವತ್ತು?"

"ನಂದೇ. ನಮ್ಮ ಮನೇದು. ಒಂದು ಹೆಸರು ಬಿಟ್ಟುಹೋಗಿದೆ."

ಅವಳು ಫಾರಂ ಕೊಟ್ಟಳು. ಕನ್ನಡಕ ಹಾಕಿಕೊಂಡು ಅಲ್ಲೇ ಕಟ್ಟೆಯ ಮೇಲೆ ಬರೆದರು. ಸುರಾಬ್ ಅಲಿ. ಜೊಯ್ತುನ್ ಬಿಬಿ. ರುಶ್ನಾ ಬೇಗಂ. ಅದರ ಕೆಳಗೆ ಕೊಯೆಸ್ ಮಿಯಾ, ಒಂದೊಂದೇ ಅಕ್ಷರ, ಚೌಕದ ಗೆರೆಗೆ ತಾಗದ ಹಾಗೆ.

ತಹ್ಮಿನಾ ತಲೆಕೆಳಗಾಗಿಯೇ ಓದಿಕೊಂಡಳು.

"ಇವನು ಯಾರು ಅಂತ ಬರೆಯೋಕೆ ಇದರಲ್ಲಿ ಜಾಗ ಎಲ್ಲಿದೆ?" ಎಂದು ಕೇಳಿದರು.

"ಅದು ಬೇಡ ಚಾಚಾ. ಹೆಸರಿದ್ರೆ ಸಾಕು."

"ಜಾಗ ಇಲ್ದಿದ್ರೆ ನೀನಾದ್ರೂ ಕೇಳಿಸ್ಕೋ. ಅಳಿಯ. ನಮ್ಮ ಮನೇಲೇ ಇರೋ ಅಳಿಯ. ಬಂದ ದಿನದಿಂದ ನಮ್ಮ ಮನೇಲೇ ಇದಾನೆ."

"ಚಾಚಾ, ಸ್ವಲ್ಪ ಮೆಲ್ಲಗೆ. ಸಾಲಲ್ಲಿ ನಮ್ಮ ಬೀದಿಯವರಿದಾರೆ."

"ಇರ್ಲಿ. ನಿಮ್ಮ ಅಜ್ಜನಿಗೂ ಹೇಳು. ಸುರಾಬ್ ಭಾಯಿ ಹೇಳಿದ್ರು ಅಂತ ಹೇಳು."

ಅವಳು ತಲೆಯಾಡಿಸಿದಳು. ಸುರಾಬ್ ಅಲಿ ಕೆಳಗೆ ಸಹಿ ಹಾಕಿದರು. ಮಸಿ ಒಣಗಲೆಂದು ಒಂದು ಸಲ ಊದಿ, ಕಾಗದವನ್ನು ಗಾಜಿನ ಕೆಳಗಿನ ಕಿಂಡಿಯಿಂದ ಆಚೆಗೆ ತಳ್ಳಿದರು.